ಎರಡು ದಿನ ಬಿಟ್ಟು ಬನ್ನಿ

ಅರಕಲಗೂಡು ತಾಲ್ಲೂಕಿನಲ್ಲಿ ನಾನೊಬ್ಬ ಪ್ರಭಾವಿ ವ್ಯಕ್ತಿ ಎಂಬ ತಪ್ಪು ತಿಳಿವಳಿಕೆಯೊಂದು ಹರಡಿದೆ. ಹರಡಿದವನು ನಾನೇ ಆದ್ದರಿಂದ ಬೇರೆ ಯಾರನ್ನೂ ದೂರುವಂತಿಲ್ಲ. ಪ್ರಭಾವ ಎಂದರೆ ವರ್ಗಾವಣೆ ಮಾಡಿಸುವುದು, ಹಾಸ್ಟೆಲಿನಲ್ಲಿ ಸೀಟು ಕೊಡಿಸುವುದು ಆ ಬಗೆಯದಲ್ಲ. ನನ್ನ ಹೆಂಡತಿ ನನ್ನ ಮಾತು ಕೇಳುತ್ತಾಳೆ ಎನ್ನುವುದಷ್ಟೇ ಜನರ ನಂಬಿಕೆ. ಮದುವೆಯಾದ ಗಂಡಸರಿಗೆ ಇಂಥ ನಂಬಿಕೆಯ ಬೆಲೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯೊಳಗೆ ಅದು ಸುಳ್ಳಾದರೂ ಚಿಂತೆಯಿಲ್ಲ, ಹೊರಗಿನ ನಾಲ್ಕು ಜನ ನಿಜವೆಂದು ತಿಳಿದರೆ ಸಾಕು, ಜಗುಲಿಯ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂರಬಹುದು. ನಾನು ಬಹಳ ದಿನ ಹಾಗೆಯೇ ಕೂತಿದ್ದೆ.

ನನ್ನ ಹೆಂಡತಿ ಸರೋಜ ಡಾಕ್ಟರು. ಕೊಣನೂರಿಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಮನೆಯ ಮುಂದಿನ ಎರಡು ಕೋಣೆಗಳೇ ಅವಳ ಕ್ಲಿನಿಕ್ಕು. ನಾನು ಹೊಳೆನರಸೀಪುರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳಿ ಹೇಳಿ, ಹುಡುಗರಿಗೆ ಅರ್ಥವಾಗುವ ಮೊದಲೇ ನಿವೃತ್ತನಾದವನು. ನಿವೃತ್ತಿಯಾದ ಹೊಸತರಲ್ಲಿ ನಡುಮನೆಯಲ್ಲಿ ಕೂತು ಪೇಪರಿನ ಸಂಪಾದಕೀಯಕ್ಕೆ ಗಟ್ಟಿಯಾಗಿ ಉತ್ತರ ಕೊಡುತ್ತಿದ್ದೆ. ಅದನ್ನು ಕೇಳಲಾರದೆ ಸರೋಜ, "ರೀ, ಒಳಗೆ ಕೂತು ಫ್ಯಾನು ಸವೆಸೋದಕ್ಕಿಂತ ಹೊರಗೆ ಕೂತು ಟೋಕನ್ನಾದರೂ ಕೊಡಿ" ಎಂದಳು. ಹೀಗೆ ನನಗೆ ಕ್ಲಿನಿಕ್ಕಿನ ಜಗುಲಿಯಲ್ಲಿ ಒಂದು ಕುರ್ಚಿ, ಒಂದು ಸಣ್ಣ ಮೇಜು, ನಂಬರು ಬರೆದ ರಟ್ಟಿನ ಚೂರುಗಳ ಒಂದು ಡಬ್ಬಿ ಪ್ರಾಪ್ತವಾದವು. ಅಧಿಕಾರ ಎಂದರೆ ಏನೆಂದು ನನಗೆ ತಿಳಿದದ್ದು ಆಗಲೇ. ಮೂವತ್ತು ವರ್ಷ ಪಾಠ ಹೇಳಿದಾಗ ಎದ್ದು ನಿಲ್ಲದ ಜನ, ಒಂದು ರಟ್ಟಿನ ಚೂರಿಗೋಸ್ಕರ ಎದ್ದು ನಿಂತು ನಮಸ್ಕಾರ ಹೇಳತೊಡಗಿದರು. ಎಲ್ಲರಿಗೂ ನಾನು ಮೇಷ್ಟ್ರು. ಒಳಗಿರುವವಳು ಡಾಕ್ಟ್ರಮ್ಮ. ಇಬ್ಬರ ನಡುವೆ ಬಾಗಿಲಲ್ಲಿ ನಿಂತಿರುವವಳು ಜಯಮ್ಮ, ಸರೋಜಳ ನರ್ಸು. ಬಾಗೂರಿನಲ್ಲಿ ಹುಟ್ಟಿ ಮದುವೆಯಾಗಿ ಇಲ್ಲಿಗೆ ಬಂದ ಹೆಂಗಸು, ಮಾತು ಕಡಿಮೆ. ನಾನು ಜಗುಲಿಯಲ್ಲಿ ದರ್ಬಾರು ನಡೆಸುವಾಗ ಅವಳು ಬಾಗಿಲಿಗೊರಗಿ ನೋಡುತ್ತಾಳೆ, ಅಷ್ಟೆ. ಆ ನೋಟ ನನಗೆ ಎಂದೂ ಹಿಡಿಸಿಲ್ಲ.

ತೊಂದರೆ ಶುರುವಾದದ್ದು ಹಾಸನದಿಂದ. ಅಲ್ಲಿ ಡಾಕ್ಟರುಗಳಿಗೆಲ್ಲ ಏನೋ ಒಂದು ತರಬೇತಿ ಇತ್ತು. ಹೋಗಿ ಬಂದ ಸರೋಜಳ ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಹಾಸನಕ್ಕೆ ಹೋದವರು ಏನಾದರೂ ಸಿಹಿ ತರುತ್ತಾರೆಂದು ನಾನು ಆಸೆಯಿಂದ ಬಿಚ್ಚಿದರೆ ಒಳಗೆ ಬೆರಳುದ್ದದ ಬಿಳಿಯ ಪ್ಲಾಸ್ಟಿಕ್ ಪಟ್ಟಿಗಳು. ಊಟಕ್ಕೆ ಕೂತಾಗ ವಿವರಿಸಿದಳು. ಜ್ವರ ಎಂದು ಬರುವವರಲ್ಲಿ ಬಹಳ ಜನರದು ವೈರಸ್ಸಿನ ಜ್ವರ. ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ. ಅದಕ್ಕೆ ಆಂಟಿಬಯಾಟಿಕ್ ಕೊಟ್ಟರೆ ಏನೂ ಉಪಯೋಗವಿಲ್ಲ. ಉಪಯೋಗವಿಲ್ಲದಿದ್ದರೆ ಹೋಗಲಿ ಅನ್ನೋಣವೆಂದರೆ ಹಾಗೂ ಇಲ್ಲ. ಬೇಡದ ಕಡೆಯೆಲ್ಲ ಆ ಮಾತ್ರೆ ನುಂಗಿ ನುಂಗಿ, ದೇಹದಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಅದರ ಭಯವೇ ಹೋಗಿಬಿಡುತ್ತದೆ. ಆಮೇಲೆ ನಿಜವಾಗಿ ಬೇಕಾದ ದಿನ ಅದು ಕೆಲಸ ಮಾಡುವುದಿಲ್ಲ. "ನೋಟನ್ನು ಸಿಕ್ಕಾಪಟ್ಟೆ ಅಚ್ಚು ಹಾಕಿದರೆ ಬೆಲೆ ಕಳೆದುಕೊಳ್ಳುತ್ತಲ್ಲ, ಹಾಗೆ" ಎಂದೆ. ಸರೋಜ ಮುದ್ದೆ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿ, "ಪರವಾಗಿಲ್ಲ, ನಿಮ್ಮ ಅರ್ಥಶಾಸ್ತ್ರ ಒಂದು ಕಡೆಯಾದರೂ ಉಪಯೋಗಕ್ಕೆ ಬಂತು" ಎಂದಳು. ನಮ್ಮ ದಾಂಪತ್ಯದಲ್ಲಿ ಇದನ್ನು ಹೊಗಳಿಕೆ ಎಂದೇ ಲೆಕ್ಕ ಹಿಡಿಯಬೇಕು.

ಆ ಪಟ್ಟಿಯ ಕೆಲಸ ಇಷ್ಟು. ಜ್ವರದವರ ಬೆರಳ ತುದಿಯಿಂದ ಒಂದು ಹನಿ ರಕ್ತ, ಅದರ ಮೇಲೆ ಒಂದೆರಡು ಹನಿ ದ್ರಾವಣ. ಸ್ವಲ್ಪ ಹೊತ್ತು ಕಾದರೆ ಗೆರೆ ಮೂಡುತ್ತದೆ. ಒಂದೇ ಗೆರೆ ಬಂದರೆ ಆಂಟಿಬಯಾಟಿಕ್ ಬೇಡದಿರುವ ಸಂಭವವೇ ಹೆಚ್ಚು. ಎರಡನೆಯ ಗೆರೆಯೂ ಮೂಡಿದರೆ ಬೇಕಾಗಬಹುದು. ಪಟ್ಟಿ ಹೇಳಿದ್ದನ್ನೇ ವೇದವಾಕ್ಯ ಮಾಡಿಕೊಳ್ಳದೆ ಸರೋಜ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ನಾಲಗೆ ನೋಡಿ, ಉಸಿರು ನೋಡಿ ಆಮೇಲೆ ತೀರ್ಮಾನಿಸುತ್ತಿದ್ದಳು. ಒಂದು ಗೆರೆಯವರಿಗೆ ಜ್ವರ ಇಳಿಯುವ ಮಾತ್ರೆ, ಚೆನ್ನಾಗಿ ನೀರು, ಗಂಜಿ, ವಿಶ್ರಾಂತಿ. ಉಸಿರು ಕಷ್ಟವಾದರೆ, ಜ್ವರ ಜೋರಾದರೆ ತಕ್ಷಣ ಬರಬೇಕು. ಇಲ್ಲದಿದ್ದರೆ ಎರಡು ದಿನ ಬಿಟ್ಟು ಬಂದು ತೋರಿಸಬೇಕು.

ಕೇಳುವುದಕ್ಕೆ ಎಷ್ಟು ಸರಳ! ಆದರೆ ನಮ್ಮ ಜನ ಆಂಟಿಬಯಾಟಿಕ್ಕನ್ನು ಔಷಧಿ ಎಂದು ತಿಳಿದಿಲ್ಲ, ಮರ್ಯಾದೆ ಎಂದು ತಿಳಿದಿದ್ದಾರೆ. ದೂರ ಹೋಗಬೇಕಾಗಿಲ್ಲ, ಚನ್ನರಾಯಪಟ್ಟಣದಲ್ಲಿರುವ ನನ್ನ ಅಕ್ಕನ ಮನೆಯನ್ನೇ ನೋಡಿ. ಅವಳ ಅಡುಗೆಮನೆಯ ಮೇಲಿನ ಅಟ್ಟಣೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬವಿದೆ. ಆ ಮನೆಯಲ್ಲಿ ಯಾರಿಗೇ ಜ್ವರ ಬಂದು ಯಾವುದೇ ಡಾಕ್ಟರು ಮಾತ್ರೆ ಬರೆದುಕೊಡಲಿ, ಜ್ವರ ಬಿಟ್ಟ ದಿನ ಮಿಕ್ಕ ಮಾತ್ರೆಯೆಲ್ಲ ಆ ಡಬ್ಬ ಸೇರುತ್ತದೆ. ಚಿನ್ನ ಕೂಡಿಡುವ ಹೆಂಗಸರನ್ನು ನೋಡಿದ್ದೇನೆ, ನನ್ನ ಅಕ್ಕ ಕ್ಯಾಪ್ಸೂಲು ಕೂಡಿಡುತ್ತಾಳೆ. ಹೆಸರು ಓದುವ ಗೊಡವೆಯಿಲ್ಲ, ಎಲ್ಲ ಬಣ್ಣದ ಮೇಲೆ. ಕೆಂಪು ಕಪ್ಪಿನದು ಗಂಟಲಿಗೆ, ಹಳದಿ ಬಿಳಿಯದು ಹೊಟ್ಟೆಗೆ, ನೀಲಿಯದು 'ಏನಾಗಿದೆ ಅಂತಲೇ ಗೊತ್ತಾಗ್ತಿಲ್ಲ' ಅನ್ನುವ ಕಾಯಿಲೆಗೆ. ಮನೆಗೆ ಬಂದ ನೆಂಟರು ಒಂದು ಸೀನು ಸೀನಿದರೆ ಕಾಫಿಗಿಂತ ಮೊದಲು ಡಬ್ಬ ಇಳಿಯುತ್ತದೆ. ಒಮ್ಮೆ ಸರೋಜ ಅದನ್ನೆಲ್ಲ ಎತ್ತಿ ಎಸೆದಳು. ಅಕ್ಕ ಗೌರಿ ಹಬ್ಬದವರೆಗೆ ನಮ್ಮೊಡನೆ ಮಾತು ಬಿಟ್ಟಿದ್ದಳು. ಮಾತಾಡಲು ಶುರು ಮಾಡಿದ ಮೇಲೆ ಅವಳು ಹೇಳಿದ ಮೊದಲ ಸುದ್ದಿ, ಡಬ್ಬ ಮತ್ತೆ ಅರ್ಧ ತುಂಬಿದೆ ಎನ್ನುವುದು.

ಇಂಥ ಜನರ ಬೆರಳು ಚುಚ್ಚಿ, ರಕ್ತ ತೆಗೆದು, ಕಾಯಿಸಿ, ಕೊನೆಗೆ ನೀರು ಕುಡಿಯಿರಿ ಎಂದರೆ ಏನಾಗಬೇಡ? ಮೊದಲ ವಾರವೇ ಜಗುಲಿಯಲ್ಲಿ ಗೊಣಗಾಟ ಶುರುವಾಯಿತು. "ನೀರು ನಮ್ಮೂರಲ್ಲೇ ಅದೆ ಕಣ್ ಸಾ, ಅದ್ನ ಕುಡಿಯಕ್ಕೆ ಬಸ್ ಚಾರ್ಜ್ ಕೊಟ್ಕಂಡು ಇಲ್ಲಿಗಂಟ ಬರ್ಬೇಕಿತ್ತಾ?" ಎಂದರು ಒಬ್ಬರು. ಒಂದು ಗೆರೆ ಬಂದವರು ಪರೀಕ್ಷೆಯಲ್ಲಿ ಫೇಲಾದವರಂತೆ ತಲೆ ತಗ್ಗಿಸಿ ಹೊರಬರುತ್ತಿದ್ದರು. ಎರಡು ಗೆರೆಯವರು ಪಟ್ಟಿಯನ್ನು ಎಲ್ಲರಿಗೂ ತೋರಿಸಿಕೊಂಡು ಬರುತ್ತಿದ್ದರು. ಹೊಲದ ಬದುವಿನ ವಿಚಾರಕ್ಕೆ ಮಾತು ಬಿಟ್ಟಿದ್ದ ಇಬ್ಬರು ಅಕ್ಕಪಕ್ಕದ ಮನೆಯವರು ಒಂದೇ ದಿನ ಜ್ವರವೆಂದು ಬಂದರು. ಒಬ್ಬನಿಗೆ ಎರಡು ಗೆರೆ, ಇನ್ನೊಬ್ಬನಿಗೆ ಒಂದು. ಒಂದು ಗೆರೆಯವನ ಸಂಕಟ ನೋಡಲಾಗುತ್ತಿರಲಿಲ್ಲ. "ಅವುನ್ಗೆ ಎಲ್ಡು, ನಂಗೆ ಒಂದಾ? ಅಲ್ಲೂ ಅವುನ್ದೇ ಜಾಸ್ತಿ ಆಯ್ತಾ? ಇನ್ನೊಂದ್ ಕಿತ ನೋಡಕ್ಕೇಳಿ ಸಾ" ಎಂದು ನನ್ನ ಮೇಜು ಹಿಡಿದು ನಿಂತ. ಇನ್ನೊಂದು ದಿನ ಮುದುಕರೊಬ್ಬರಿಗೆ ಎರಡು ಗೆರೆ ಬಂದದ್ದೇ, ಜೊತೆಯಲ್ಲಿದ್ದ ಅಜ್ಜಿ ಹೌಹಾರಿ ಎದ್ದು, "ನಮ್ ಸೊಸೆಗೂ ಓದ್ ತಿಂಗ್ಳು ಎಲ್ಡ್ ಗೆರೆನೇ ಬಂದಿದ್ದು ಕಣವ್ವ! ಇವ್ರಿಗೆ ಎಪ್ಪತ್ತಾಯ್ತು!" ಎಂದು ಕೂಗಿಕೊಂಡಳು. ಶಾಂತಿಗ್ರಾಮದಿಂದ ಬಂದ ನಮ್ಮ ನೆಂಟರೊಬ್ಬರು ಹೈನುಗಾರಿಕೆಯವರು. ಎಲ್ಲವನ್ನೂ ಗಮನವಿಟ್ಟು ನೋಡಿ, ಹೊರಡುವಾಗ ನನ್ನನ್ನು ಮೂಲೆಗೆ ಕರೆದು, ಹಸುವಿಗೂ ಒಂದು ಪಟ್ಟಿ ಸಿಗಬಹುದೇ ಎಂದು ಕೇಳಿದರು. ಹಸುವಿನ ಬೆರಳು ಎಲ್ಲಿ ಬರುತ್ತದೆ ಎಂದು ನಾನು ಯೋಚಿಸುತ್ತ ನಿಂತೆ.

ಡಾಕ್ಟ್ರಮ್ಮನನ್ನು ಎದುರಿಸಿ ಕೇಳುವ ಧೈರ್ಯ ಯಾರಿಗೂ ಇಲ್ಲ. ಆ ವಿಷಯದಲ್ಲಿ ನಾನೂ ಅವರೂ ಒಂದೇ. ಆದರೆ ಅದು ಅವರಿಗೆ ಗೊತ್ತಿರಲಿಲ್ಲ. ಹೀಗಾಗಿ ಎಲ್ಲರೂ ನನ್ನ ಬಳಿ ಶಿಫಾರಸಿಗೆ ಬರತೊಡಗಿದರು. "ಸಾ, ನೀವು ಅಮ್ಮಾವ್ರಿಗೆ ವಸಿ ಹೇಳಿ. ಒಂದ್ ಸೂಜಿ, ನಾಕ್ ಕ್ಯಾಪ್ಸೂಲು, ಜಾಸ್ತಿ ಬ್ಯಾಡ." ನನ್ನಿಂದಾಗದು ಎಂದು ಹೇಳಿಬಿಡಬಹುದಿತ್ತು. ಹಾಗೆ ಹೇಳಿದರೆ ನನ್ನ ಕುರ್ಚಿಯ ಗತಿಯೇನು? ಕಾಲ ಮೇಲಿನ ಕಾಲು ಇಳಿಸಬೇಕಾಗುತ್ತದೆ. ಆದ್ದರಿಂದ ರಾಜಕಾರಣಿಗಳನ್ನು ನೋಡಿ ಕಲಿತ ಉಪಾಯವೊಂದನ್ನು ಹೂಡಿದೆ. ಹುಬ್ಬು ಗಂಟಿಕ್ಕಿ, "ನೋಡೋಣ, ನಾನು ಮಾತಾಡ್ತೀನಿ" ಎಂದು ಎದ್ದು ಗಂಭೀರವಾಗಿ ಮನೆಯೊಳಗೆ ಹೋಗುವುದು. ಅಡುಗೆಮನೆಯಲ್ಲಿ ಒಂದು ಲೋಟ ಮಜ್ಜಿಗೆ ಕುಡಿಯುವುದು. ಬಾಯಿ ಒರೆಸಿಕೊಂಡು ಹೊರಗೆ ಬಂದು, ತಗ್ಗಿದ ದನಿಯಲ್ಲಿ, "ಹೇಳಿದ್ದೀನಿ. ಈಗ ಕೊಟ್ಟಿರೋದು ತಗೊಳ್ಳಿ. ಎರಡು ದಿನ ಬಿಟ್ಟು ಬನ್ನಿ, ಆಗ ಮಾಡಿಸೋಣ" ಎನ್ನುವುದು. ಸರೋಜ ಹೇಳಿದ್ದೂ ಅದೇ ಎರಡು ದಿನವಾದ್ದರಿಂದ ನನ್ನ ಮನಸ್ಸಾಕ್ಷಿಗೂ ತೊಂದರೆಯಿರಲಿಲ್ಲ. ಬೇಸಿಗೆಯ ದಿನಗಳಲ್ಲಿ ಶಿಫಾರಸು ಹೆಚ್ಚಾಗಿ ನನ್ನ ಹೊಟ್ಟೆಯಲ್ಲಿ ಮಜ್ಜಿಗೆ ಕುಲುಕಾಡುತ್ತಿತ್ತು.

ಇದರ ಪರಿಣಾಮ ನಾನೂ ಎಣಿಸಿರಲಿಲ್ಲ. ಎರಡು ದಿನ ಬಿಟ್ಟು ಬಂದವರು ಜ್ವರ ಬಿಟ್ಟು ಬರುತ್ತಿದ್ದರು. ವೈರಸ್ಸಿನ ಜ್ವರ, ಅದರ ಪಾಡಿಗೆ ಅದು ಹೋಗಿರುತ್ತಿತ್ತು. ಆದರೆ ಜನ ಯಾವುದಕ್ಕಾದರೂ ಯಾರಿಗಾದರೂ ಋಣಿಯಾಗಿರಲೇಬೇಕಲ್ಲ. ಡಾಕ್ಟ್ರಮ್ಮ ಏನೂ ಕೊಟ್ಟಿಲ್ಲ. ಸೂಜಿ ಇಲ್ಲ, ಕ್ಯಾಪ್ಸೂಲಿಲ್ಲ. ಹಾಗಾದರೆ ಜ್ವರ ಬಿಡಿಸಿದ್ದು ಯಾರು? ಒಳಗೆ ಹೋಗಿ ಮಾತಾಡಿಕೊಂಡು ಬಂದರಲ್ಲ, ಆ ಮೇಷ್ಟ್ರೇ ಇರಬೇಕು. ಡಾಕ್ಟರಿಗೆ ಕೈಗುಣ ಇರುತ್ತದೆ ಎಂದು ನಂಬುವ ಊರಿನಲ್ಲಿ ಮೇಷ್ಟ್ರಿಗೆ ಬಾಯಿಗುಣ ಇದೆ ಎಂದು ನಂಬುವುದೇನು ಕಷ್ಟ? ಈ ಮಾತನ್ನು ಮೊದಲು ಹಬ್ಬಿಸಿದವಳು ಕಾಳಮ್ಮ. ಕೊಣನೂರಿನ ಹತ್ತಿರದ ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುವ ಹೆಂಗಸು. ಇಡೀ ಶಾಲೆಗೆ ಸಾಂಬಾರು ತಿರುಗಿಸಿ ಗಟ್ಟಿಯಾದ ತೋಳು, ಅದಕ್ಕಿಂತ ಗಟ್ಟಿ ಗಂಟಲು. ಬಸ್ಸಿನಲ್ಲಿ ಅವಳು ಹೇಳಿದ ಮಾತು ಡ್ರೈವರಿನಿಂದ ಹಿಡಿದು ಹಿಂದಿನ ಸೀಟಿನವರವರೆಗೆ ಎಲ್ಲರ ಕಿವಿಗೂ ಬೀಳುತ್ತದೆ. ಮಳೆಗಾಲದ ಮೊದಲಲ್ಲಿ ಅವಳಿಗೆ ಜ್ವರ ಬಂದು, ಒಂದು ಗೆರೆ ಮೂಡಿ, ನನ್ನ ಮಜ್ಜಿಗೆಯ ಶಿಫಾರಸಿನಿಂದ ವಾಸಿಯಾಗಿತ್ತು. ಅವತ್ತಿನಿಂದ, "ಮೇಷ್ಟ್ರು ಒಂದ್ ಮಾತು ಅಂದ್ರೆ ಜರ ನಿಲ್ಲಾಕಿಲ್ಲ ಕಣ್ರವ್ವ, ಓಡೋಯ್ತದೆ" ಎಂದು ಸಾರಿದಳು. ಬಂದಾಗಲೆಲ್ಲ ನನಗೆ ಒಂದು ಕಟ್ಟು ನುಗ್ಗೆಕಾಯಿ ತಂದುಕೊಡುತ್ತಿದ್ದಳು. ಡಾಕ್ಟ್ರಮ್ಮನಿಗಲ್ಲ, ನನಗೆ.

ನನಗೆ ಕೊಂಬು ಬರಲು ಇಷ್ಟು ಸಾಲದೇ? ಮೊದಲು ನಾನು ನಟಿಸುತ್ತಿದ್ದೇನೆಂದು ನನಗೆ ಗೊತ್ತಿತ್ತು. ಬರುಬರುತ್ತಾ ಮರೆತುಹೋಯಿತು. ಜ್ವರ ಎಂದು ಬಂದವರ ಮುಖ ನೋಡಿಯೇ, 'ಇದು ಒಂದು ಗೆರೆ' ಎಂದು ಮನಸ್ಸಿನಲ್ಲೇ ಬರೆದುಕೊಳ್ಳುತ್ತಿದ್ದೆ. ಹತ್ತರಲ್ಲಿ ಏಳೆಂಟು ಸಲ ಸರಿಯಾಗುತ್ತಿತ್ತು. ಜ್ವರ ಬರುವವರಲ್ಲಿ ಹೆಚ್ಚಿನವರು ಒಂದು ಗೆರೆಯವರೇ ಆದದ್ದರಿಂದ ಕಣ್ಣು ಮುಚ್ಚಿ ಹೇಳಿದರೂ ಅಷ್ಟು ಸರಿಯಾಗುತ್ತದೆ ಎನ್ನುವ ಸರಳ ಲೆಕ್ಕ, ಅರ್ಥಶಾಸ್ತ್ರದ ಜೊತೆಗೆ ಸಂಖ್ಯಾಶಾಸ್ತ್ರವನ್ನೂ ಪಾಠ ಮಾಡಿದ ನನಗೇ ಹೊಳೆಯಲಿಲ್ಲ. "ಇದಕ್ಕೆ ಪಟ್ಟಿ ದಂಡ ಕಣೇ, ನೋಡಿದರೇ ಗೊತ್ತಾಗುತ್ತೆ" ಎಂದು ಒಂದು ದಿನ ಸರೋಜಳಿಗೂ ಹೇಳಿದೆ. ಅವಳು ಕನ್ನಡಕದ ಮೇಲಿಂದ ನೋಡಿದಳು. ಜಯಮ್ಮ ಬಾಗಿಲಿಗೊರಗಿ ನೋಡಿದಳು.

ಹೀಗಿರುವಾಗ ಒಂದು ಸೋಮವಾರ ಕಾಳಮ್ಮ ಬಂದಳು. ಜಗುಲಿ ತುಂಬ ಜನ. ಸೆರಗನ್ನು ತಲೆಗೂ ಕಿವಿಗೂ ಸುತ್ತಿಕೊಂಡಿದ್ದಳು, ಕೆಮ್ಮುತ್ತಿದ್ದಳು, ನುಗ್ಗೆಕಾಯಿ ಮಾತ್ರ ಮರೆತಿರಲಿಲ್ಲ. ಟೋಕನ್ ಕೈಗಿಟ್ಟರೆ ನಂಬರು ನೋಡಿ, "ಅಯ್ಯೋ, ಇಷ್ಟೊಂದ್ ಹಿಂದ್ಕಾ? ಅಷ್ಟೊತ್ಗೆ ಬಸ್ಸು ಓಗ್ಬುಡ್ತದೆ ಸಾ. ಡಾಕ್ಟ್ರಮ್ಮನ ನೋಡಿ ಆಗ್ಬೇಕಾದ್ದೇನು, ಅವ್ರು ಕೊಡಾದು ನೀರು ತಾನೆ! ನೀವೇ ಒಂದ್ ಮಾತ್ ಅಂದ್ಬುಡಿ, ನಂಗೆ ಅಷ್ಟೇ ಸಾಕು" ಎಂದಳು. ಸುತ್ತ ಕೂತವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಒಳಗೆ ಹೋಗಿ ಮಜ್ಜಿಗೆ ಕುಡಿದು ಬರುವಷ್ಟು ವ್ಯವಧಾನವೂ ನನಗಿರಲಿಲ್ಲ. ಅಲ್ಲೇ ಕೂತು, ಕೈ ಎತ್ತಿ, "ಏನೂ ಆಗಲ್ಲ ಹೋಗು ಕಾಳಮ್ಮ. ಚೆನ್ನಾಗಿ ನೀರು ಕುಡಿ. ಎರಡು ದಿನ ಬಿಟ್ಟು ಬಾ" ಎಂದೆ. ಅವಳು ಕೈಮುಗಿದು, ಕೆಮ್ಮಿಕೊಂಡೇ ಬಸ್ಸು ಹತ್ತಿದಳು. ನಾನು ನುಗ್ಗೆಕಾಯಿಯನ್ನು ಒಳಗೆ ಕಳಿಸಿ, ಮಧ್ಯಾಹ್ನಕ್ಕೆ ಹುಳಿ ಮಾಡಲು ಅಡುಗೆಯವಳಿಗೆ ಹೇಳಿದೆ.

ಮರುದಿನ ಬೆಳಿಗ್ಗೆ ಅವಳ ಗಂಡ ಸಣ್ಣಯ್ಯ ಬಂದ. ಹೆಂಡತಿಯ ಗಂಟಲೆಲ್ಲ ಅವಳಿಗೇ ಬಿಟ್ಟುಕೊಟ್ಟ ಮೆತ್ತನೆಯ ಮನುಷ್ಯ. ಟೋಕನ್ ಕೊಡಲು ಹೋದರೆ ಬೇಡವೆಂದು ತಲೆಯಾಡಿಸಿ, ಟವಲು ಕಂಕುಳಿಗೆ ಸೇರಿಸಿಕೊಂಡು ನನ್ನ ಮೇಜಿನ ಪಕ್ಕ ಬಗ್ಗಿ ನಿಂತ.

"ಏನಿಲ್ಲ ಸಾ, ಒಂದ್ ಮಾತು ಕೇಳ್ಕಂಡ್ ಓಗಣ ಅಂತ ಬಂದೆ. ನೀವು ಎಲ್ಡ್ ದಿನ ಅಂದ್ರಲ್ಲ, ಅದು ನೆನ್ನೆಯಿಂದ್ಲೇ ಲೆಕ್ಕವಾ, ಇವತ್ತಿಂದ ಲೆಕ್ಕವಾ? ಕಾಳಿ ಕೇಳ್ಕ ಬಾ ಅಂದ್ಳು."

"ಯಾಕೆ? ಹೇಗಿದ್ದಾಳೆ?"

"ಮಲಗ್ಬುಟ್ಟವ್ಳೆ ಸಾ. ಮೈಯಿ ಕೆಂಡ ಕೆಂಡ. ಉಸ್ರು ಎಳ್ಕಂಡ್ ಎಳ್ಕಂಡ್ ಬುಡ್ತಾವ್ಳೆ. ಎದೆ ಪಕ್ಕ ಚುಚ್ತದೆ ಅಂತಾಳೆ. ಕೊಣನೂರಲ್ಲಿ ಯಾರ್ಗಾರ ತೋರ್ಸಣ ನಡಿ ಅಂದ್ರೆ ಒಪ್ಪಾಕಿಲ್ಲ. ಮೇಷ್ಟ್ರು ಎಲ್ಡ್ ದಿನ ಅಂದವ್ರೆ, ಅವ್ರ ಮಾತು ದಾಟ್ಬಾರ್ದು ಅಂತಾಳೆ."

ನನಗೆ ನಾಚಿಕೆ ಆಮೇಲೆ ಬಂತು, ಮೊದಲು ಬಂದದ್ದು ಹೆದರಿಕೆ. ನನ್ನನ್ನು ನಂಬಿ ಒಬ್ಬಳು ಉಸಿರು ಎಳೆದುಕೊಂಡು ಮಲಗಿದ್ದಾಳೆ, ಮತ್ತು ಅವಳು ದಿನ ಎಣಿಸುತ್ತಿರುವುದು ಸರೋಜಳ ಮಾತಿನ ಮೇಲಲ್ಲ, ನನ್ನ ಮಾತಿನ ಮೇಲೆ. ಜೀವಮಾನದಲ್ಲಿ ನನ್ನ ಮಾತನ್ನು ಅಕ್ಷರಶಃ ಪಾಲಿಸಿದ ಮೊದಲ ವ್ಯಕ್ತಿ ಅವಳು. ಅದು ಹೀಗಾಗಬೇಕೇ? ಸರದಿಯಲ್ಲಿದ್ದವರನ್ನೆಲ್ಲ ದಾಟಿ, ಬಾಗಿಲಲ್ಲಿದ್ದ ಜಯಮ್ಮನನ್ನೂ ದಾಟಿ ಒಳಗೆ ನುಗ್ಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಸರೋಜ ಸ್ಟೆತಾಸ್ಕೋಪು ಕೆಳಗಿಟ್ಟು, "ನಿನ್ನೆ ಅವಳನ್ನ ಒಳಗೆ ಕಳಿಸಲಿಲ್ಲವಾ?" ಎಂದಳು.

"ಬಸ್ಸಿಗೆ ಹೊತ್ತಾಗಿತ್ತು."

"ಯಾರಿಗೆ? ಅವಳಿಗೋ, ನಿಮಗೋ?"

ಮುಂದಿನ ಮಾತಿಗೆ ಅವಳು ನಿಲ್ಲಲಿಲ್ಲ. ಚೀಲ ತೆಗೆದುಕೊಂಡಳು, ಹೊರಗೆ ಕಾದಿದ್ದವರಿಗೆ ವಿಷಯ ಹೇಳಿದಳು, ಜಯಮ್ಮನಿಗೆ ಕ್ಲಿನಿಕ್ಕು ಒಪ್ಪಿಸಿದಳು. ನಮ್ಮ ಮನೆಯಲ್ಲಿ ಕಾರು ಓಡಿಸುವವಳೂ ಅವಳೇ. ಸಣ್ಣಯ್ಯನನ್ನು ಮುಂದೆ ಕೂರಿಸಿಕೊಂಡಳು. ನಾನು ಹಿಂದೆ ಕೂತೆ. ಕೊಣನೂರು ಬರುವಷ್ಟರಲ್ಲಿ ಸಣ್ಣಯ್ಯ ಒಂದು ಸಲ ಹಿಂದೆ ತಿರುಗಿ, ನನ್ನ ಮುಖ ನೋಡಿ ಮರುಕದಿಂದ, "ನೀವ್ಯಾಕ್ ಸಾ ತೊಂದ್ರೆ ತಗಂಡ್ರಿ, ಲೆಕ್ಕ ಹೇಳಿದ್ರೆ ಸಾಕಾಗಿತ್ತು" ಎಂದ. ನನಗೆ ಕಾರಿನ ಬಾಗಿಲು ತೆಗೆದು ಹಾರಿಕೊಳ್ಳಬೇಕೆನ್ನಿಸಿತು.

ಕಾಳಮ್ಮ ನಡುಮನೆಯ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದಂತೆ. ಆ ದೊಡ್ಡ ಗಂಟಲಿನಿಂದ ಮಾತೇ ಹೊರಡುತ್ತಿರಲಿಲ್ಲ. ಸುತ್ತ ಅಕ್ಕಪಕ್ಕದ ಹೆಂಗಸರು, ಒಬ್ಬೊಬ್ಬರ ಕೈಯಲ್ಲೂ ತಮ್ಮ ತಮ್ಮ ಮನೆಯ ಡಬ್ಬದಿಂದ ತಂದ ಒಂದೊಂದು ಕ್ಯಾಪ್ಸೂಲು. "ಎಷ್ಟ್ ಏಳಿದ್ರೂ ನುಂಗಾಕಿಲ್ಲ ಕಣಮ್ಮ, ಮೇಷ್ಟ್ರು ಏಳಿಲ್ಲ ಅಂತಾಳೆ" ಎಂದು ಒಬ್ಬಳು ನನ್ನೆದುರಿಗೇ ಸರೋಜಳಿಗೆ ದೂರು ಹೇಳಿದಳು. ಸರೋಜ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದಳು. ಕಾಳಮ್ಮನ ಉಸಿರನ್ನು ಎಣಿಸಿದಳು. ಬೆರಳು ಚುಚ್ಚಿ ಪಟ್ಟಿಯನ್ನು ಕಿಟಕಿಯ ಮೇಲಿಟ್ಟಳು.

ಆ ಪಟ್ಟಿಯನ್ನು ನಾನು ನೋಡಿದಷ್ಟು ಆಸೆಯಿಂದ ಯಾವ ವಿದ್ಯಾರ್ಥಿಯೂ ನೋಟಿಸ್ ಬೋರ್ಡು ನೋಡಿರಲಾರ. ನನ್ನ ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಒಂದೇ ಗೆರೆ ಬಂದರೆ ನನ್ನ ಮಾನ ಉಳಿಯುತ್ತದೆ. ಎರಡು ಬಂದರೆ ಏನಾಗಿದೆಯೆಂದು ಗೊತ್ತಾಗಿ, ಅದಕ್ಕೆ ಔಷಧಿಯೂ ಇದ್ದು, ಕಾಳಮ್ಮ ಉಳಿಯುತ್ತಾಳೆ. ಮೊದಲ ಕೆಲವು ನಿಮಿಷ ನಾನು ಒಂದೇ ಬರಲಿ ಎಂದು ಬೇಡುತ್ತಿದ್ದೆ. ಆಮೇಲೆ ಅವಳು ಕೆಮ್ಮಿದಳು. ಕೆಮ್ಮಿ, ಪಕ್ಕೆ ಹಿಡಿದುಕೊಂಡು, ನೋವಿನಲ್ಲೂ ನನ್ನ ಕಡೆ ನೋಡಿ, ನಿಮ್ಮ ಮಾತು ಉಳಿಸಿಕೊಂಡಿದ್ದೇನೆ ನೋಡಿ ಎಂಬಂತೆ ತಲೆಯಾಡಿಸಿದಳು. ಅಲ್ಲಿಂದ ಮುಂದೆ, ಎರಡು ಬರಲಪ್ಪಾ, ದಪ್ಪಗೆ ಬರಲಿ ಎಂದು ಬೇಡಿಕೊಂಡೆ. ಎರಡನೆಯ ಗೆರೆ ದಪ್ಪಗೇ ಬಂತು.

ಶ್ವಾಸಕೋಶಕ್ಕೆ ಸೋಂಕು ತಗುಲಿತ್ತು, ನ್ಯುಮೋನಿಯಾ. ಸರೋಜ ಅಲ್ಲೇ ಮೊದಲ ಇಂಜೆಕ್ಷನ್ ಕೊಟ್ಟಳು. ಎಷ್ಟೋ ಜನಕ್ಕೆ ಬೇಡವೆಂದು ಉಳಿಸಿಟ್ಟಿದ್ದ ಆ ಆಂಟಿಬಯಾಟಿಕ್ಕು ಬೇಕಾದವಳಿಗೆ ಬೇಕಾದ ದಿನ ಕೊನೆಗೂ ಸಿಕ್ಕಿತು. ಕಾಳಮ್ಮ ಸೂಜಿಯ ಕಡೆ ನೋಡಲಿಲ್ಲ, ಕಿಟಕಿಯ ಕಡೆ ನೋಡಿ, ಇದ್ದಷ್ಟು ದನಿಯಲ್ಲಿ, "ನಂಗೆ ಎಲ್ಡ್ ಬಂತಾ?" ಎಂದಳು. ಬಂತೆಂದಾಗ ನೆರೆಯವರ ಕಡೆ ಒಂದು ನೋಟ ಬೀರಿದಳು. ಅವಳನ್ನು ಕಾರಿನಲ್ಲೇ ಕರೆದೊಯ್ದು ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಆಕ್ಸಿಜನ್ ಕೊಟ್ಟರು, ಮಲಗಿಸಿಕೊಂಡರು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿಯ ಡಾಕ್ಟರು ಸರೋಜಳಿಗೆ ಹೇಳಿದರು. ಯಾಕೆ ತಡವಾಯಿತು ಎಂದೂ ಕೇಳಿದರು. ಸರೋಜ, "ಊರಿನ ಯಾರದೋ ಮಾತು ಕೇಳಿಕೊಂಡು ಕೂತಿದ್ದಳು" ಎಂದಳು. ನನ್ನ ಹೆಸರು ಹೇಳಲಿಲ್ಲ. ಹೇಳಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ವಾಪಸು ಬರುವಾಗ ನಾನೇ ಬಾಯಿ ಬಿಟ್ಟೆ. "ನಾನೇನು ಮಾತ್ರೆ ಕೊಡಲಿಲ್ಲವಲ್ಲ ಸರೋಜ. ನೀನು ಹೇಳುವುದನ್ನೇ ಹೇಳಿದೆ." ಅವಳು ಕಾರಿನ ವೇಗ ತಗ್ಗಿಸಿ, ಸಿಟ್ಟಿಲ್ಲದೆ, ಬಹಳ ದಣಿದ ದನಿಯಲ್ಲಿ ಹೇಳಿದಳು. "ನಿಮ್ಮ ಅಕ್ಕ ನೋಡದೆ ಕೊಡ್ತಾರೆ. ನೀವು ನೋಡದೆ ಬೇಡ ಅಂದಿರಿ. ನಾನು ಹಾಸನದಿಂದ ಆ ಪಟ್ಟಿ ತಂದದ್ದು ನೋಡೋದಕ್ಕೆ ಕಣ್ರೀ." ಅಕ್ಕನ ಡಬ್ಬವೂ ನನ್ನ ಬಾಯಿಯೂ ಒಂದೇ ಜಾತಿಯವೆಂದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಕಾಳಮ್ಮ ಹುಷಾರಾಗಿ, ಇನ್ನೂ ಸ್ವಲ್ಪ ಸೊರಗಿದ ಮುಖದಲ್ಲಿ, ಎಂದಿನ ನುಗ್ಗೆಕಾಯಿ ಕಟ್ಟಿನೊಂದಿಗೆ ಬಂದಾಗ ಜಗುಲಿಯಲ್ಲಿ ಎಲ್ಲರೆದುರಿಗೆ ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿದ್ದೆ. "ಕಾಳಮ್ಮ, ಅವತ್ತು ನಿನ್ನನ್ನ ಒಳಗೆ ಕಳಿಸಬೇಕಾಗಿತ್ತು. ತಪ್ಪು ನನ್ನದು. ನನ್ನ ಮಾತಿನಲ್ಲಿ ಏನೂ ಇಲ್ಲ. ಒಳಗೆ ಹೋಗಿ ನಾನು ಮಜ್ಜಿಗೆ ಕುಡಿದು ಬರ್ತಿದ್ದೆ, ಅಷ್ಟೆ" ಎಂದೆ. ಅವಳು ಕೆನ್ನೆ ಕೆನ್ನೆ ಬಡಿದುಕೊಂಡು, "ಅಯ್ ಬುಡ್ತು ಅನ್ನಿ ಸಾ! ದೊಡ್ಡೋರು ಅಂಗೆಲ್ಲ ಅನ್ಬಾರ್ದು" ಎಂದವಳೇ ಜನರ ಕಡೆ ತಿರುಗಿದಳು. ಗಂಟಲು ಪೂರ್ತಿ ವಾಪಸು ಬಂದಿತ್ತು. "ನೋಡ್ರವ್ವ, ನಂಗೂ ಒಂದೇ ಗೆರೆ ಬತ್ತಿತ್ತು. ಮೇಷ್ಟ್ರು ಮನೆಗಂಟ ಬಂದು ನಿಂತ್ಕಂಡಿದ್ಕೆ ಎಲ್ಡ್ ಬಂತು, ಡಾಕ್ಟ್ರಮ್ಮ ಸೂಜಿ ಕೊಟ್ರು, ಬದುಕ್ಕಂಡೆ!" ಜಗುಲಿಯಲ್ಲಿದ್ದವರು ನನ್ನನ್ನು ಇನ್ನೂ ಹೆಚ್ಚಿನ ಗೌರವದಿಂದ ನೋಡಿದರು. ಮರುದಿನದಿಂದ ಎರಡು ಗೆರೆ ಮಾಡಿಸಿಕೊಡಿ ಎಂಬ ಹೊಸ ಶಿಫಾರಸು ಶುರುವಾಯಿತು. ಬಾಗಿಲಿಗೊರಗಿದ್ದ ಜಯಮ್ಮ ಮೊದಲ ಸಲ ನಕ್ಕಳು.

ಈಗ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ. ಯಾರು ಏನೇ ಕೇಳಲಿ, ಟೋಕನ್ ಕೊಟ್ಟು ಒಳಗೆ ಕಳಿಸುವುದೊಂದೇ ಕೆಲಸ. ಬಸ್ಸಿಗೆ ಹೊತ್ತಾಯಿತು ಎಂದವರನ್ನು ಮೊದಲು ಕಳಿಸುತ್ತೇನೆ. ಹಾಲು ಹಾಕುವವನು ಗಂಟಲು ಸರಿಮಾಡಿಕೊಂಡದ್ದಕ್ಕೆ ಅವನನ್ನೂ ಒಳಗೆ ಕಳಿಸಿದೆ. ಅವನು ಸರೋಜಳ ಮುಂದೆ ಕ್ಯಾನು ಹಿಡಿದುಕೊಂಡು ಯಾಕೆ ಬಂದೆನೆಂದು ತಿಳಿಯದೆ ನಿಂತಿದ್ದನಂತೆ. ಆ ವಿಷಯದಲ್ಲಿ ಸ್ವಲ್ಪ ಅತಿಯಾಗುತ್ತಿದೆ ಎಂದು ಸರೋಜ ಹೇಳುತ್ತಾಳೆ.

ಇಷ್ಟಾಗಿ, ಹೋದ ವಾರ ನನಗೇ ಜ್ವರ ಬಂತು. ಮೈಕೈ ನೋವು, ಮೂಗು ಸೋರುವುದು, ಬಾಯಿಗೆ ಏನೂ ರುಚಿಸದು. ಸರೋಜ ಎದೆ ಪರೀಕ್ಷಿಸಿದಳು, ಬೆರಳು ಚುಚ್ಚಿದಳು, ಪಟ್ಟಿ ತಂದು ತೋರಿಸಿದಳು. ಒಂದೇ ಗೆರೆ. ಕನ್ನಡಕ ಹಾಕಿಕೊಂಡು ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ, ಒಂದೇ. ನಂಬಿ, ನನಗೆ ಬಹಳ ಅವಮಾನವಾಯಿತು. ಇಷ್ಟೊಂದು ನರಳುವ ಜ್ವರಕ್ಕೆ ಇಷ್ಟೇ ಬೆಲೆಯೇ? ವೈರಸ್ಸು, ಬ್ಯಾಕ್ಟೀರಿಯಾ, ನೋಟು, ಅಚ್ಚು ಎಲ್ಲ ನನಗೆ ಗೊತ್ತಿತ್ತು. ಆದರೆ ಗೊತ್ತಿರುವುದು ತಲೆಗೆ, ಜ್ವರ ಇರುವುದು ಮೈಗೆ. ಸರೋಜಳನ್ನು ಕೇಳುವ ಧೈರ್ಯ ನನಗಿರಲಿಲ್ಲವೆಂದು ಮೊದಲೇ ಹೇಳಿದ್ದೇನೆ. ಅಕ್ಕನಿಗೆ ಫೋನು ಮಾಡೋಣವೆಂದರೆ ಚನ್ನರಾಯಪಟ್ಟಣದಿಂದ ಡಬ್ಬ ಬರುವಷ್ಟರಲ್ಲಿ ಸುದ್ದಿ ಹೊರಬಿದ್ದಿರುತ್ತದೆ. ಕೊನೆಗೆ ಕಂಬಳಿ ಹೊದ್ದುಕೊಂಡು ಕ್ಲಿನಿಕ್ಕಿನ ಬಾಗಿಲಿಗೆ ಹೋಗಿ, ದನಿ ತಗ್ಗಿಸಿ ಜಯಮ್ಮನನ್ನು ಕರೆದೆ. "ನೋಡಮ್ಮ, ನೀನು ಒಳಗೇ ಇರೋಳು, ನಿನ್ನ ಮಾತು ಕೇಳ್ತಾಳೆ. ಡಾಕ್ಟ್ರಮ್ಮಂಗೆ ಒಂದು ಮಾತು ಹೇಳು. ನಾಲ್ಕೇ ನಾಲ್ಕು ಕ್ಯಾಪ್ಸೂಲು, ಜಾಸ್ತಿ ಬೇಡ."

ಜಯಮ್ಮ ಹುಬ್ಬು ಗಂಟಿಕ್ಕಿದಳು. ಗಂಭೀರವಾಗಿ ಒಳಗೆ ಹೋದಳು. ಬಾಯಿ ಒರೆಸಿಕೊಂಡು ಹೊರಗೆ ಬಂದಳು.

"ಏಳಿವ್ನಿ ಸಾ. ಎಲ್ಡ್ ದಿನ ಬುಟ್ಟು ಬನ್ನಿ, ಮಾಡ್ಸಣ."

ಹೋಗಿ ಮಲಗಿದೆ. ನೀರು ಕುಡಿದೆ, ಗಂಜಿ ಕುಡಿದೆ. ಎರಡು ದಿನ ಕಳೆಯುವಷ್ಟರಲ್ಲಿ ಜ್ವರ ಬಿಟ್ಟಿತು, ಮುದ್ದೆ ರುಚಿಸಿತು, ಜಗುಲಿಯ ಕುರ್ಚಿಗೆ ವಾಪಸಾದೆ. ಅದು ತಾನಾಗಿಯೇ ಬಿಡುವ ಜ್ವರವೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ಜಯಮ್ಮನ ಮಾತಿನಲ್ಲಿ ಏನೋ ಇದೆ ಎಂದು ಟೋಕನ್ ಕೊಡುವಾಗ ಒಂದಿಬ್ಬರಿಗೆ ಹೇಳಿದ್ದೇನೆ.